ಇಲ್ಲದ ಲೋಕಕ್ಕೊಂದು ಆಟ, ಮಲ್ಲಟದ ಕಟ್ಟೆಯ ಮೇಲೆ

ಮೇಲೊಂದು ತುದಿ. ಆ ತುದಿಯಿಂದ ಕೆಳಕ್ಕೆ ಬಿಚ್ಚಿಕೊಳ್ಳುವ ನಾಲ್ಕು ಗೆರೆ. ಅವುಗಳನ್ನು ಅಡ್ಡಕ್ಕೆ ಹಾಯ್ದು ಎರಡೂ ಪಕ್ಕ ಆಚೆಗೆ ಚಾಚಿಕೊಂಡ ಮೂರು ಗೆರೆ, ಆ ಚಾಚಿದ ಕೊನೆಗಳನ್ನು ಎಡಕ್ಕೂ ಬಲಕ್ಕೂ ಹಿಡಿದು ಕಟ್ಟುವ ಒಂದೊಂದು ನಿಲುಗೆರೆ, ಬುಡದಲ್ಲಿ ಇನ್ನೊಂದು ಅಡ್ಡಗೆರೆ. ಮುಗಿಯಿತು! ಇದ್ದಿಲಿನ ತುಂಡೊಂದು ಕೈಲಿದ್ದರೆ ನಿಮಿಷದ ಕೆಲಸ. ನಮ್ಮ ಕಡೆಯ ಯಾವ ಊರಿನ ಕಟ್ಟೆಯ ಮೇಲೆ ಇದನ್ನು ಬರೆದರೂ ನೋಡಿದವರು ಹುಲಿ-ಕುರಿ ಎಂದೇಬಿಡುತ್ತಾರೆ. ಗೆರೆ ಗೆರೆ ಕೂಡುವ ಜಾಗಗಳನ್ನು ಎಣಿಸಿ. ತುದಿಯಲ್ಲಿ ಒಂದು, ಮೂರು ಸಾಲುಗಳಲ್ಲಿ ಆರಾರು, ಬುಡದಲ್ಲಿ ನಾಲ್ಕು: ಒಟ್ಟು 23 ಮನೆ. ಮೂರು ಹುಲಿ, ಹದಿನೈದು ಕುರಿ, 23 ಮನೆ. ಇಷ್ಟರೊಳಗೆ ತಲೆತಲಾಂತರದವರು ಸಂಜೆಗಳನ್ನು ಕಳೆದಿದ್ದಾರೆ.

ಈ 23 ಮನೆಗಳ ಒಳಗೆ ಇನ್ನೊಂದು ಆಟ, ಇನ್ನೊಂದು ಜನ, ಇನ್ನೊಂದು ಲೋಕವೇ ಅಡಗಿ ಕೂತಿತ್ತು ಎಂದರೆ ನಂಬುತ್ತೀರಾ? ಮಾನ್ವಿ ಮತ್ತು ದೇವದುರ್ಗದ ಸೀಮೆಯ ನಮ್ಮ ಮಲ್ಲಟದಲ್ಲಿ, ಬೇವಿನ ಮರದ ಕಟ್ಟೆಯ ಮೇಲೆ, ಬೇಸಿಗೆ ರಜೆಯ ಹುಡುಗರ ಗುಂಪು ಅದನ್ನು ಹೊರಗೆಳೆದದ್ದನ್ನು ಕಣ್ಣಾರೆ ನೋಡಿದವನು ನಾನು. ಆ ಕತೆ ಹೇಳುವ ಮೊದಲು ಈ ಹಾಸು ಎಂಥ ಬೆರಗಿನದು ಅನ್ನುವುದನ್ನು ಹೇಳಿಬಿಡಬೇಕು.

ಚದುರಂಗದಲ್ಲಿ ಎರಡೂ ಕಡೆ ಒಂದೇ ಸೈನ್ಯ. ಪಗಡೆಯಲ್ಲೂ ಅಷ್ಟೆ, ಸಾಲುಮನೆಯಲ್ಲೂ ಅಷ್ಟೆ. ನನಗೆ ಇದ್ದದ್ದೇ ನಿನಗೂ ಉಂಟು. ಹುಲಿ-ಕುರಿಯಲ್ಲಿ ಹಾಗಲ್ಲ. ಒಂದು ಕಡೆ ಮೂರು, ಇನ್ನೊಂದು ಕಡೆ ಹದಿನೈದು. ಹುಲಿ ಪಕ್ಕದ ಕುರಿಯ ಮೇಲಿಂದ ಖಾಲಿ ಮನೆಗೆ ಹಾರಿ ಅದನ್ನು ತಿನ್ನುತ್ತದೆ. ಕುರಿ ಯಾರನ್ನೂ ತಿನ್ನುವುದಿಲ್ಲ, ಒಂದಕ್ಕೊಂದು ಒತ್ತಿ ನಿಂತು ದಾರಿ ಕಟ್ಟುತ್ತದೆ. ಹುಲಿಗೆ ಗೆಲುವೆಂದರೆ ತಿನ್ನುವುದು, ಕುರಿಗೆ ಗೆಲುವೆಂದರೆ ಹುಲಿ ಅಲ್ಲಾಡದಂತೆ ಮಾಡುವುದು. ಎರಡು ಬೇರೆ ಬೇರೆ ಜೀವಗಳು, ಎರಡು ಬೇರೆ ಬೇರೆ ಗೆಲುವುಗಳು, ಒಂದೇ ಹಾಸು!

ಇದೇ ಬಗೆಯನ್ನು ಕಡಲಾಚೆಯ ಲೇಖಕರೂ ತಮ್ಮ ಕಲ್ಪನೆಯ ಲೋಕಗಳಿಗೆ ಆಟ ಕಟ್ಟುವಾಗ ಹಿಡಿದಿದ್ದಾರೆ. ಇಂಗ್ಲೆಂಡಿನ ಟೆರ್ರಿ ಪ್ರಾಚೆಟ್ ತಮ್ಮ ಕಾದಂಬರಿಗಳಲ್ಲಿ ಒಂದು ಚಪ್ಪಟೆ ಲೋಕವನ್ನೇ ಕಟ್ಟಿದವರು. ಆ ಲೋಕದ ದೈತ್ಯರು ಮತ್ತು ಕುಳ್ಳರ ಹಳೆಯ ಹಗೆಯನ್ನಿಟ್ಟುಕೊಂಡು ಟ್ರೆವರ್ ಟ್ರೂರನ್ ಎಂಬವರು 2002ರಲ್ಲಿ ‘ಥಡ್’ ಎಂಬ ಆಟ ರಚಿಸಿದರು. ಒಂದು ಕಡೆ 8 ದೈತ್ಯರು, ಇನ್ನೊಂದು ಕಡೆ 32 ಕುಳ್ಳರು. ಅದರ ಒಂದು ನಿಯಮ ಓದಿ ಮೈ ಜುಮ್ಮೆಂದಿತು. ಒಂದು ಪಂದ್ಯವೆಂದರೆ ಎರಡು ಸುತ್ತು, ಮೊದಲ ಸುತ್ತಿನಲ್ಲಿ ದೈತ್ಯನಾಗಿದ್ದವನು ಎರಡನೆಯದರಲ್ಲಿ ಕುಳ್ಳನಾಗಲೇಬೇಕು. ಹಗೆಯವನ ಕಣ್ಣಿನಿಂದ ಹಾಸನ್ನು ನೋಡದೆ ಯಾರೂ ಗೆಲ್ಲುವಂತಿಲ್ಲ!

ಇಲ್ಲದ ಜನಕ್ಕೆ ಆಟ ಕಟ್ಟುವ ಈ ಹುಚ್ಚಿಗೆ ನೂರು ವರ್ಷ ದಾಟಿದೆ. ಟಾರ್ಜನ್‌ನನ್ನು ಸೃಷ್ಟಿಸಿದ ಎಡ್ಗರ್ ರೈಸ್ ಬರೋಸ್ 1922ರಲ್ಲಿ ಮಂಗಳ ಗ್ರಹದ ಕಾದಂಬರಿಯೊಂದರಲ್ಲಿ ‘ಜೆಟಾನ್’ ಎಂಬ ಮಂಗಳದ ಚದುರಂಗವನ್ನು ತಂದರು. ಹತ್ತು ಹತ್ತರ ಹಾಸು, ಒಬ್ಬೊಬ್ಬರಿಗೆ 20 ಕಾಯಿ, ಅದರಲ್ಲೊಬ್ಬಳು ರಾಜಕುಮಾರಿ. ನಿಯಮಗಳನ್ನು ಪುಸ್ತಕದ ಕೊನೆಗೆ ಅಚ್ಚು ಹಾಕಿದರು, ಓದುಗರು ಹಾಸು ಮಾಡಿಕೊಂಡು ನಿಜವಾಗಿಯೂ ಆಡಿದರು. ಇಯಾನ್ ಬ್ಯಾಂಕ್ಸ್ 1988ರ ಕಾದಂಬರಿಯಲ್ಲಿ ಇನ್ನೂ ಮುಂದಕ್ಕೆ ಹೋದರು. ಅಲ್ಲೊಂದು ಸಾಮ್ರಾಜ್ಯ, ಅದರ ಚಕ್ರವರ್ತಿ ಯಾರೆಂಬುದು ತೀರ್ಮಾನವಾಗುವುದೇ ‘ಅಜಾದ್’ ಎಂಬ ಆಟದಿಂದ. ಪ್ಯಾಟ್ರಿಕ್ ರಾತ್‌ಫಸ್ 2011ರ ಕಾದಂಬರಿಯಲ್ಲಿ ‘ಟಕ್’ ಎಂಬ ಆಟವನ್ನು ನೆನೆದು ಬಿಟ್ಟಿದ್ದರು. ಜೇಮ್ಸ್ ಅರ್ನೆಸ್ಟ್ ಅದಕ್ಕೆ ನಿಯಮ ಹೊಸೆದರು, 2016ರಲ್ಲಿ ಅದು ಹೊರಬಂತು. ಒಂದು ಅಂಚಿನಿಂದ ಎದುರಂಚಿಗೆ ಕಲ್ಲಿನ ದಾರಿ ಹಾಸುವ ಆಟ ಅದು. ಕಾಗದದ ಮೇಲಿನ ಊರಿನವರು ಆಡುತ್ತಿದ್ದದ್ದನ್ನು ಈಗ ನಮ್ಮ ನಿಮ್ಮಂಥವರು ಆಡುತ್ತಾರೆ!

ಇದೆಲ್ಲ ದೂರದ ಮಾತು ಎನ್ನಬೇಡಿ. ಕನ್ನಡನಾಡಿನ ದೊರೆಯೊಬ್ಬರು ಇದೇ ಕೆಲಸದಲ್ಲಿ ಮುಳುಗಿ ಹೋಗಿದ್ದರು.

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಮಡಿದ 1799ರಲ್ಲಿ, ಐದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಕೂತರು. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಕೈಯಿಂದ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಅರಮನೆ ಇತ್ತು, ಆಳಲು ರಾಜ್ಯವಿರಲಿಲ್ಲ. ಆ ಮನಸ್ಸು ಎಲ್ಲಿಗೆ ಹೋಯಿತು ಗೊತ್ತೇ? ಆಟದ ಹಾಸಿಗೆ! ಅವರ ಆಸ್ಥಾನದಲ್ಲಿ ರೂಪುಗೊಂಡ ‘ಶ್ರೀತತ್ತ್ವನಿಧಿ’ ಎಂಬ ಚಿತ್ರಮಯ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿನಿಧಿಯಿಂದ ಮೊದಲಾಗಿ ದೇವತೆಗಳು, ಗ್ರಹಗಳು, ಆಗಮಗಳು ಎಲ್ಲ ಆದಮೇಲೆ ಒಂಬತ್ತನೆಯದು ‘ಕೌತುಕನಿಧಿ’. ಆಟಗಳಿಗೂ ಜಾಗ ಕೊಟ್ಟ ನಿಧಿ. ದೇವರುಗಳ ಸಾಲಿನಲ್ಲಿ ಆಟಕ್ಕೂ ಒಂದು ಪೀಠ! ಪಗಡೆಯ ಮನೆಗಳನ್ನು ಬಿಚ್ಚಿ, ಹಿಗ್ಗಿಸಿ, ಚಕ್ರ ಮಾಡಿ, ಗ್ರಹಗಳನ್ನೂ ದೇವಿಯರನ್ನೂ ಮನೆಗಳಲ್ಲಿ ಕೂರಿಸಿ ಅವರು ಹೊಸ ಹೊಸ ಆಟ ಹೂಡಿದರು. ‘ದೇವೀ ಸಾಯುಜ್ಯ’ ಎಂಬ ಆಟದಲ್ಲಿ ಕಾಯಿ ಮನೆಯಿಂದ ಮನೆಗೆ ಏರಿ ಕೊನೆಗೆ ದೇವಿಯಲ್ಲಿ ಲೀನವಾಗಬೇಕು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಹಾಸುಗಳ ಚಿತ್ರಗಳು ಇವತ್ತಿಗೂ ಇವೆ. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಹಾಸುಗಳನ್ನು ಹೊಸದಾಗಿ ಮಾಡಿಸಿ, ಪ್ರದರ್ಶನ ಹೂಡಿ, ಜನರ ಮನೆಗೆ ಮರಳಿ ಕಳಿಸುತ್ತಿದ್ದಾರೆ. ಪುಣ್ಯದ ಕೆಲಸ.

ಮುಮ್ಮಡಿಯವರಿಗೆ ಇನ್ನೊಂದು ಗೀಳಿತ್ತು, ಕುದುರೆ ನಡೆ. ಚದುರಂಗದ ಕುದುರೆ 64 ಮನೆಗಳನ್ನೂ ತಲಾ ಒಂದೇ ಸಲ ಮೆಟ್ಟಿ ಬರಬೇಕು ಎಂಬ ಒಗಟು. ಈ ಒಗಟು ನಮ್ಮ ನೆಲಕ್ಕೆ ಹೊಸದಲ್ಲ. ಈಗಿನ ಬಸವಕಲ್ಯಾಣದಿಂದ ಆಳಿದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿಯೇ ಅದು ಬರುತ್ತದೆ. ಯೂರೋಪಿನ ಮಹಾಗಣಿತಜ್ಞ ಆಯ್ಲರ್ ಅದನ್ನು ಕೈಗೆತ್ತಿಕೊಂಡದ್ದು 1759ರಲ್ಲಿ. ನಡುವೆ ಆರು ಶತಮಾನ! ಆಮೇಲೆ ಒಗಟು ಇನ್ನೂ ಬಿಗಿಯಾಯಿತು. ಕುದುರೆ ಮೆಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಬರೆದರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದಾಗ 260 ಬರಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ 1848ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿದ. ಅದೇ ಕಾಲಕ್ಕೆ ಮೈಸೂರಿನಲ್ಲಿ ಮುಮ್ಮಡಿಯವರೂ ಇಂಥ ಮಾಯಾಚೌಕದ ನಡೆಗಳನ್ನು ನೇಯುತ್ತಿದ್ದರು. ಮೂಲೆಯಿಂದ ಮೂಲೆಗೂ 260 ಬರುವ ನಡೆ ಎಂಟೆಂಟರ ಹಾಸಿನಲ್ಲಿ ಸಾಧ್ಯವೇ ಇಲ್ಲ ಎಂದು ಕಂಪ್ಯೂಟರುಗಳು ತಿಂಗಳುಗಟ್ಟಲೆ ಹುಡುಕಿ ಹೇಳಿದ್ದು 2003ರ ಆಗಸ್ಟ್‌ನಲ್ಲಿ.

ಕುದುರೆಯ ಬಗ್ಗೆ ಒಂದು ಸಣ್ಣ ಸಂಗತಿಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ಬಿಳಿ ಮನೆಯಿಂದ ಹೊರಟ ಕುದುರೆ ಕರಿ ಮನೆಗೇ ಇಳಿಯುತ್ತದೆ, ಕರಿಯಿಂದ ಬಿಳಿಗೇ. ಪ್ರತಿ ನೆಗೆತಕ್ಕೂ ಬಣ್ಣ ಬದಲು, ತಪ್ಪುವುದೇ ಇಲ್ಲ. ಇದೇ ಸಂಗತಿ ಮಲ್ಲಟದ ಕಟ್ಟೆಯ ಮೇಲೆ ಎದ್ದು ನಿಲ್ಲುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹುಡುಗರಿಗೆ ನಾನು ಕೇಳಿದ್ದು ಇಷ್ಟೆ. ಬೇರೆ ಯಾವುದೋ ನಕ್ಷತ್ರದ ಸುತ್ತ ತಿರುಗುವ ನೆಲದಲ್ಲಿ ಜನ ಇದ್ದಾರೆ ಅಂದುಕೊಳ್ಳಿ, ಅವರು ಸಂಜೆ ಹೊತ್ತು ಕೂತು ಆಡುವ ಆಟ ಯಾವುದು? ದಾಳ ಇರಬಾರದು, ಅದೃಷ್ಟ ಇರಬಾರದು, ಬರೀ ತಲೆ.

“ಸರ, ಅವರಿಗೆ ಎಷ್ಟು ಕೈ?”

“ಅವರೂರಾಗ ಹೊಳಿ ಅದೇನ್ರಿ?”

ಹೊಳೆ ಇಲ್ಲದ ಲೋಕವನ್ನು ನಮ್ಮ ಹುಡುಗರು ಊಹಿಸುವುದಾದರೂ ಹೇಗೆ? ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದ ನಮ್ಮ ನೆಲ. ಹಾಗಾಗಿ ಆ ಲೋಕಕ್ಕೂ ಎರಡು ಹೊಳೆ ಬಂದವು. ಹಾಸಿನ ಎಡಬದಿಯ ಮೂರು ಮನೆ ಒಂದು ಹೊಳೆಯ ದಂಡೆ, ಬಲಬದಿಯ ಮೂರು ಮನೆ ಇನ್ನೊಂದರದು. ಮೇಲಿನ ತುದಿ, ಬೆಟ್ಟ. ಹೊಸ ಹಾಸು ಬರೆಯುವ ಗೋಜೇ ಬೇಡವಾಯಿತು, ಇದ್ದ ಹುಲಿ-ಕುರಿ ಮನೆಯೇ ಭೂಪಟವಾಯಿತು!

ಆಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದ ಮಾತು ಆಟವನ್ನೇ ಹುಟ್ಟಿಸಿತು. “ಅವರು ಹಗಲಾಗ ಒಬ್ಬರು, ರಾತ್ರ್ಯಾಗ ಇನ್ನೊಬ್ಬರು ಆಗ್ತಾರ ಅಂತ ಇಟ್ಕೋರಿ ಸರ. ಒಂದು ಹೆಜ್ಜಿ ಇಟ್ರ ಮಾರಿ ಬದ್ಲಾಗ್ತದ.” ಅವಳ ತಮ್ಮ ತಕ್ಷಣ ಹಿಡಿದ: “ಹಂಗಾದ್ರ ಅವರೊಳಗ ನಂದು ನಿಂದು ಹೆಂಗ್ ಬರ್ತದ? ಮುಂದಿನ ಹೆಜ್ಜಿಗಿ ನಾನs ಬ್ಯಾರೆ ಆಗಿರ್ತೀನಲ್ಲ?”

ನನಗೆ ಮಾತೇ ಹೊರಡಲಿಲ್ಲ. ಜಗತ್ತಿನ ಬಹುಪಾಲು ಆಟಗಳು ನಿಂತಿರುವುದೇ ‘ಇದು ನನ್ನ ಕಾಯಿ, ಅದು ನಿನ್ನ ಕಾಯಿ’ ಎಂಬುದರ ಮೇಲೆ. ಅದನ್ನೇ ಆ ಹುಡುಗ ಒಂದು ಮಾತಿನಲ್ಲಿ ತೆಗೆದುಹಾಕಿಬಿಟ್ಟ. ಅದೂ ಯಾವ ನೆಲದ ಮೇಲೆ ಕೂತು? ನನ್ನದು ತನ್ನದು ಎಂದು ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದ, 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನಿಂದ ಕೋಟೆ ಕಸಿದುಕೊಂಡ ರಾಯಚೂರಿನ ನೆಲದಲ್ಲಿ!

ಆ ಜನಕ್ಕೆ ಇಮ್ಮೊಗರು ಎಂದು ಹೆಸರಿಟ್ಟೆವು. ಆಟಕ್ಕೆ ಎಡೆದೊರೆ ಎಂದು.

ಕಾಯಿಗೆ ಹುಣಸೆ ಬೀಜ. ಬೀಜವನ್ನು ಬಂಡೆಯ ಮೇಲೆ ಒಂದೇ ಮಗ್ಗುಲಿಗೆ ತಿಕ್ಕುತ್ತ ಹೋದರೆ ಕರಿಗಂದು ಸಿಪ್ಪೆ ಸವೆದು ಒಳಗಿನ ಬಿಳುಪು ಬರುತ್ತದೆ. ಚೌಕಾಬಾರಕ್ಕೆ ಹೀಗೆ ತಿಕ್ಕಿದ ಬೀಜ ಎಸೆದು ಗರ ಎಣಿಸುವುದು ಎಲ್ಲರಿಗೂ ಗೊತ್ತು. ತಿಕ್ಕುವಾಗ ಬೀಜ ಬಿಸಿಯಾಗುತ್ತದೆ, ಆ ಬಿಸಿಯನ್ನು ಪಕ್ಕದವನ ತೋಳಿಗೆ ಮುಟ್ಟಿಸಿ ಓಡದ ಮಗು ನಮ್ಮ ಕಡೆ ಇಲ್ಲ. ಒಂದು ಮುಖ ಬಿಳಿ, ಇನ್ನೊಂದು ಕರಿ: ಇಮ್ಮೊಗರ ಮೈಯೇ ಸಿದ್ಧವಾಗಿ ಹುಣಸೆ ಮರದಿಂದ ಉದುರಿದ ಹಾಗಾಯಿತು.

ನಿಯಮ ಬೆರಳೆಣಿಕೆಯವು. ಬೀಜ ಯಾರದೂ ಅಲ್ಲ. ಸರದಿ ಬಂದವರು ಯಾವ ಬೀಜವನ್ನಾದರೂ ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ಸರಿಸಬಹುದು, ಸರಿಸಿದ ಬೀಜ ಮಗುಚಲೇಬೇಕು, ಬಿಳಿ ಕರಿಯಾಗುತ್ತದೆ, ಕರಿ ಬಿಳಿಯಾಗುತ್ತದೆ. ಎದುರಾಳಿ ಈಗಷ್ಟೇ ಸರಿಸಿದ ಬೀಜವನ್ನು ಮರುನಡೆಯಲ್ಲೇ ಮುಟ್ಟುವಂತಿಲ್ಲ. ಒಬ್ಬರದು ಬಿಳಿ ಸೇತುವೆ, ಇನ್ನೊಬ್ಬರದು ಕರಿ ಸೇತುವೆ. ಎಡದಂಡೆಯಿಂದ ಬಲದಂಡೆಗೆ ತನ್ನ ಬಣ್ಣದ ಬೀಜಗಳನ್ನು ಗೆರೆಯ ಮೇಲೆ ಎಡೆಬಿಡದೆ ಕೂಡಿಸಿದವರು ಗೆದ್ದರು. ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಹಾಸಿನಿಂದ ಒಂದು ಬೀಜವೂ ಆಚೆ ಹೋಗುವುದಿಲ್ಲ.

ಮೊದಮೊದಲು ಹಾಸು ಖಾಲಿ ಇಟ್ಟು, ಬೀಜಗಳನ್ನು ಬೇಕಾದ ಕಡೆ ಬೇಕಾದ ಮುಖ ಮಾಡಿ ಇಡುತ್ತ ಆಡಿದರು. ಆಗ ಎರಡು ಸಂಗತಿಗಳು ಹೊರಬಿದ್ದವು, ಎರಡೂ ಹಾಸೇ ಹೇಳಿಕೊಟ್ಟವು.

ಮೊದಲನೆಯದು ಬೆಟ್ಟ. ನೇರ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋಗಲು ಆರು ಬೀಜ ಬೇಕು. ಬೆಟ್ಟದ ತುದಿಯ ಮೇಲಿಂದ ಹೋದರೆ ಐದೇ ಸಾಕು, ಏಕೆಂದರೆ ತುದಿ ಮೊದಲ ಸಾಲಿನ ನಾಲ್ಕೂ ಒಳಮನೆಗಳಿಗೆ ನೇರ ಅಂಟಿಕೊಂಡಿದೆ. ಎಲ್ಲರೂ ಬೆಟ್ಟಕ್ಕೇ ನುಗ್ಗಿದರು. ಆಗೊಂದು ನಿಯಮ ಬಂತು: ತುದಿಯಲ್ಲಿ ಕೂತ ಬೀಜ ಯಾರ ಸೇತುವೆಗೂ ಲೆಕ್ಕವಿಲ್ಲ. ಏಕೆ ಎಂದು ಕೇಳಿದ್ದಕ್ಕೆ ಆ ಹುಡುಗಿಯ ಉತ್ತರ ಸಿದ್ಧವಿತ್ತು. “ಇಮ್ಮೊಗರು ಬೆಟ್ಟಕ್ಕ ಒಬ್ಬೊಬ್ರs ಹೋಗ್ತಾರ ಸರ. ಅಲ್ಲಿ ಇರೋತನಕ ಅವರು ಯಾರ ಕಡಿಗೂ ಇರಂಗಿಲ್ಲ.” ನೋಡಿ, ಜನ ಹೇಗಿದ್ದಾರೆಂದು ಮೊದಲು ಕಲ್ಪಿಸಿ ಆಮೇಲೆ ಆಟ ಕಟ್ಟುತ್ತೇವೆ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ! ಆಟದ ತೊಡಕೊಂದು ಬಿಡಿಸಿದ್ದಕ್ಕೆ ಆ ಜನಕ್ಕೊಂದು ಆಚಾರವೇ ಹುಟ್ಟಿಕೊಂಡಿತು. ಗ್ರಂಥಗಟ್ಟಲೆ ಬರೆದು ಕಟ್ಟಿದ ಲೋಕಗಳಿಗಿಂತ ಈ ಒಂದು ನಿಯಮದೊಳಗಿನ ಲೋಕ ನನಗೆ ಹೆಚ್ಚು ನಿಜವೆನಿಸಿತು.

ಎರಡನೆಯದನ್ನು ತೋರಿಸಿದ್ದು ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಜ್ಜ, ಹುಲಿ-ಕುರಿಯಲ್ಲಿ ಪಳಗಿದ ಕೈ. ಬಿಳಿ ಆಡುವ ಹುಡುಗ ತನ್ನ ಬಣ್ಣದ ಬೀಜಗಳನ್ನು ಬಿಡಿಬಿಡಿಯಾಗಿ ಇಡುತ್ತಿದ್ದ. ಎದುರಿನವನು ಅವನ್ನೇ ಒಂದೊಂದಾಗಿ ಪಕ್ಕಕ್ಕೆ ಸರಿಸಿ ಮಗುಚಿ ತನ್ನ ಕರಿ ಮಾಡಿಕೊಳ್ಳುತ್ತಿದ್ದ. “ತಮ್ಮಾ, ಸಂದಿ ಬಿಡಬ್ಯಾಡ. ಸುತ್ತ ಜಾಗ ಇಲ್ಲದ ಬೀಜಾನ ಯಾರ ಕದಲಿಸ್ತಾರ?” ಎಂದರು ಅಜ್ಜ. ಹೌದಲ್ಲ! ನಾಲ್ಕೂ ಕಡೆ ಬೀಜ ಒತ್ತಿಕೊಂಡಿದ್ದರೆ ನಡುವಿನದು ಅಲ್ಲಾಡದು. ಕಾವಲು ನಿಲ್ಲುವ ಬೀಜ ನಿಮ್ಮ ಬಣ್ಣದ್ದೇ ಆಗಿರಬೇಕಿಲ್ಲ. ನಿಮ್ಮ ಬಿಳಿಯನ್ನು ಕಾಯುವ ಗಟ್ಟಿ ಗೋಡೆ ಎದುರಾಳಿಯ ಕರಿಯೇ ಆಗಬಹುದು. ಕುರಿಗಳು ಹುಲಿಯನ್ನು ಕಟ್ಟುವ ವಿದ್ಯೆ, ಇಮ್ಮೊಗರ ಲೋಕದಲ್ಲಿ ಹಗಲನ್ನು ಇರುಳು ಕಾಯುವ ವಿದ್ಯೆಯಾಯಿತು.

ಇನ್ನು ಹೇಳುವುದೇ ನಿಜವಾದ ನಿಧಿ.

ಒಂದು ಬೀಜವನ್ನು ಹಿಡಿದುಕೊಳ್ಳಿ. ಪ್ರತಿ ಹೆಜ್ಜೆಗೂ ಅದು ಮಗುಚುತ್ತದೆ. ಈಗ ಬೆಟ್ಟದ ತುದಿಯನ್ನು ಬಿಟ್ಟು ಉಳಿದ 22 ಮನೆಗಳಿಗೆ ಚದುರಂಗದ ಹಾಸಿನ ರೀತಿ ಒಂದು ಬಿಟ್ಟು ಒಂದು ಚುಕ್ಕೆ ಇಡುತ್ತ ಹೋಗಿ. ಚುಕ್ಕೆ ಇರುವ ಮನೆಯ ಪಕ್ಕದಲ್ಲಿ ಚುಕ್ಕೆ ಇಲ್ಲದ್ದೇ ಬರುತ್ತದೆ, ಎಲ್ಲೂ ತಪ್ಪುವುದಿಲ್ಲ. ಅಂದರೆ ಚುಕ್ಕೆಯ ಮನೆಯಲ್ಲಿ ಬಿಳಿಯಾಗಿದ್ದ ಬೀಜ ಒಂದು ಹೆಜ್ಜೆ ಇಟ್ಟರೆ ಚುಕ್ಕೆ ಇಲ್ಲದ ಮನೆಯಲ್ಲಿ ಕರಿಯಾಗಿರುತ್ತದೆ, ಇನ್ನೊಂದು ಹೆಜ್ಜೆಗೆ ಮತ್ತೆ ಚುಕ್ಕೆ, ಮತ್ತೆ ಬಿಳಿ. ಹಾಸಿನ ತುಂಬ ಎಷ್ಟು ಅಲೆದರೂ ಆ ಬೀಜ ಚುಕ್ಕೆಯ ಮೇಲೆ ಬಿಳಿಯೇ, ಚುಕ್ಕೆ ಇಲ್ಲದಲ್ಲಿ ಕರಿಯೇ! ಅದು ಅದರ ಹುಟ್ಟುಗುಣ. ನೂರು ನಡೆ ನಡೆದರೂ ಅಳಿಯದ ಗುಣ. ಸೋಮೇಶ್ವರನ ಕುದುರೆ, ಮುಮ್ಮಡಿಯವರ ಕುದುರೆ, ಅವೂ ಇದೇ ಕಟ್ಟಿಗೆ ಒಳಪಟ್ಟವು. ಒಂದು ಬೆಸ ಹೆಜ್ಜೆ, ಒಂದು ಸಮ ಹೆಜ್ಜೆ, ಎಂದೆಂದಿಗೂ.

ಆದರೆ ಬೆಟ್ಟ? ಬೆಟ್ಟದ ತುದಿ ಚುಕ್ಕೆಯ ಮನೆಗಳಿಗೂ ಅಂಟಿದೆ, ಚುಕ್ಕೆ ಇಲ್ಲದವುಗಳಿಗೂ ಅಂಟಿದೆ. ಮೊದಲ ಸಾಲಿನ ಒಳಮನೆಯೊಂದರಿಂದ ತುದಿಗೆ ಹತ್ತಿ, ಪಕ್ಕದ ಒಳಮನೆಗೆ ಇಳಿಯಿರಿ. ಎರಡು ಹೆಜ್ಜೆ, ಎರಡು ಸಲ ಮಗುಚಿ ಬೀಜ ಮೊದಲಿನ ಬಣ್ಣಕ್ಕೇ ಬಂತು. ಮನೆ ಮಾತ್ರ ಬೇರೆ ಬಗೆಯದು! ಹುಟ್ಟುಗುಣ ಬದಲಾಗಿ ಹೋಯಿತು. ಇಡೀ ಹಾಸಿನಲ್ಲಿ ಇದು ನಡೆಯುವ ಒಂದೇ ಒಂದು ಜಾಗ ಆ ಬೆಟ್ಟ. ಹುಡುಗಿ ಅದನ್ನು ಒಂಟಿಯಾಗಿ ಹೋಗುವ ಜಾಗ ಎಂದಾಗ ಅವಳಿಗೂ ಇದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಇಷ್ಟು ಕಾಲ ಹುಲಿ ಕೂರುತ್ತಿದ್ದ ತುದಿಯಲ್ಲಿ ಇದು ಕಾದು ಕೂತಿತ್ತು. ನಾನು ಕಟ್ಟೆಯಿಂದ ಎದ್ದು ನಿಂತುಬಿಟ್ಟೆ.

ಎದ್ದು ನಿಂತವನಿಗೆ ಮುಂದಿನದೂ ಕಂಡಿತು. ಸೇತುವೆಯಲ್ಲಿ ಒಂದೇ ಬಣ್ಣದ ಬೀಜಗಳು ಅಕ್ಕಪಕ್ಕ ನಿಲ್ಲಬೇಕು. ಅಕ್ಕಪಕ್ಕದ ಮನೆಗಳು ಯಾವಾಗಲೂ ಬೇರೆ ಬೇರೆ ಬಗೆಯವು. ಹಾಗಾದರೆ ಎಲ್ಲ ಬೀಜಗಳೂ ಒಂದೇ ಹುಟ್ಟುಗುಣದವಾಗಿದ್ದರೆ ಒಂದೇ ಬಣ್ಣದ ಎರಡು ಬೀಜ ಪಕ್ಕಪಕ್ಕ ಬರುವುದೇ ಇಲ್ಲ, ಸೇತುವೆ ಏಳುವುದೇ ಇಲ್ಲ, ಯಾರಾದರೂ ಬೆಟ್ಟ ಹತ್ತಿ ಇಳಿಯುವ ತನಕ! ಆರು ಬೀಜದ ಸೇತುವೆಗೆ ಮೂರು ಬೀಜಗಳಾದರೂ ಗುಣ ಬದಲಿಸಿಕೊಂಡು ಬರಬೇಕು.

ಹೂಡಿಕೆಯನ್ನೇ ಹಾಗೆ ಮಾಡಿದರೆ? ಬೀಜಗಳನ್ನು ಆಟದ ನಡುವೆ ಇಡುವ ಬದಲು ಮೊದಲೇ ತುಂಬಿಬಿಟ್ಟರೆ? ದಂಡೆಗಳನ್ನು ಬಿಡಿ, ಬೆಟ್ಟವನ್ನು ಬಿಡಿ. ಉಳಿದ ಒಳಮನೆಗಳು ನಾಲ್ಕು ಸಾಲು, ನಾಲ್ಕು ಕಂಬ: ಹದಿನಾರು. ಅವುಗಳಲ್ಲಿ ಬಿಳಿ ಕರಿ ಬಿಳಿ ಕರಿ ಎಂದು ಒಂದು ಬಿಟ್ಟು ಒಂದು ಹಾಸಿದರೆ ಎಂಟು ಬಿಳಿ, ಎಂಟು ಕರಿ, ಎಲ್ಲವೂ ಒಂದೇ ಹುಟ್ಟುಗುಣ. ಖಾಲಿ ಉಳಿದದ್ದು ಎಡದಂಡೆಯ ಮೂರು, ಬಲದಂಡೆಯ ಮೂರು, ಬೆಟ್ಟದ ಒಂದು. ಈ ಹೂಡಿಕೆಯನ್ನು ಎಡಬಲ ಅದಲುಬದಲು ಮಾಡಿ ನೋಡಿದರೆ ಬಿಳಿಯ ಜಾಗದಲ್ಲಿ ಸರಿಯಾಗಿ ಕರಿ ಕೂತಿರುತ್ತದೆ, ಆದ್ದರಿಂದ ಯಾವ ಬಣ್ಣಕ್ಕೂ ಗುಲಗಂಜಿ ತೂಕದಷ್ಟೂ ಹೆಚ್ಚುಗಾರಿಕೆಯಿಲ್ಲ. ಹಾಸಿನ ಲೆಕ್ಕಕ್ಕೂ ಇಮ್ಮೊಗರ ಲೆಕ್ಕಕ್ಕೂ ಹೀಗೆ ಅಚ್ಚುಕಟ್ಟಾಗಿ ಕೂಡಿ ಬರಬೇಕೆಂದು ಯಾರೂ ಬೇಡಿರಲಿಲ್ಲ. ಬಂತು!

ಇದಕ್ಕೆ ತಳ ಎಲ್ಲಿದೆ? ಹದಿನಾರು ಬೀಜ 23 ಮನೆಗಳಲ್ಲಿ ಕೂರಬಹುದಾದ ಬಗೆಗಳು 2,45,157. ಪ್ರತಿ ಬೀಜಕ್ಕೂ ಎರಡು ಮುಖ, ಹಾಗಾಗಿ ಅದನ್ನು 65,536ರಿಂದ ಗುಣಿಸಬೇಕು. ಸುಮಾರು 1,607 ಕೋಟಿ! ಎಡಬಲದ ಜೋಡಿಗಳನ್ನು ಒಂದೇ ಎಂದು ಎಣಿಸಿದರೂ 800 ಕೋಟಿಯ ಮೇಲೆ. ಹೋಲಿಸಿ ನೋಡಿ. ನಮ್ಮ ಸಾಲುಮನೆಯನ್ನು, ಒಬ್ಬೊಬ್ಬರಿಗೆ ಒಂಬತ್ತು ಕಾಯಿಯ 24 ಮನೆಗಳ ಆಟವನ್ನು, ರಾಲ್ಫ್ ಗಾಸರ್ ಎಂಬವರು 1993ರಲ್ಲಿ ಕಂಪ್ಯೂಟರ್ ಹಚ್ಚಿ ಪೂರ್ತಿ ಬಿಡಿಸಿದರು. ಇಬ್ಬರೂ ತಪ್ಪದೆ ಆಡಿದರೆ ಅದು ಸಮ. ಅವರು ಜಾಲಾಡಿದ ಸ್ಥಿತಿಗಳು ಸುಮಾರು 767 ಕೋಟಿ. ನಮ್ಮ ಎಡೆದೊರೆಯೂ ಅಷ್ಟೇ ಗಾತ್ರದ ಕಾಡು. ಅಂದು ಗಾಸರ್ ಹೊಕ್ಕ ಕಾಡಿನಷ್ಟೇ ದೊಡ್ಡದನ್ನು ಇಂದು ರಾಯಚೂರಿನ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಹೊಕ್ಕು ಬರಬಹುದು. ಯಾರಾದರೂ ಕೈ ಹಚ್ಚಲಿ ಎಂದು ಮನಸಾರೆ ಬಯಸುತ್ತೇನೆ.

ಅಲ್ಲಿಯವರೆಗೆ ವಾದವೆಲ್ಲ ಮೊದಲ ನಡೆಯದು. ಹುಡುಗಿಯ ಪ್ರಕಾರ ಮೊದಲು ಬೆಟ್ಟ. ಮೊದಲ ಸಾಲಿನ ಎರಡನೆಯ ಒಳಮನೆಯ ಬೀಜವನ್ನು ತುದಿಗೆ ಏರಿಸುತ್ತಾಳೆ. ಒಂದು ನಡೆಯ ಮಟ್ಟಿಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ಇನ್ನೊಬ್ಬರು ಬೆಟ್ಟ ಹತ್ತುವಂತೆಯೂ ಇಲ್ಲ. ಅಜ್ಜ ಅದಕ್ಕೆ ಕೊಡುವ ಉತ್ತರ ಭಾರಿ ತಣ್ಣನೆಯದು. ಅವಳು ಖಾಲಿ ಮಾಡಿದ ಮನೆಗೆ ಕೆಳಗಿನ ಸಾಲಿನ ಬೀಜವನ್ನೇ ಮೇಲಕ್ಕೆ ಸರಿಸಿ ಮುಚ್ಚಿಬಿಡುತ್ತಾರೆ. ಈಗ ಮೊದಲ ಸಾಲಿನ ಒಳಮನೆ ನಾಲ್ಕೂ ಭರ್ತಿ, ತುದಿಯ ಬೀಜಕ್ಕೆ ಇಳಿಯಲು ದಾರಿಯೇ ಇಲ್ಲ. ಬೆಟ್ಟ ಮುಚ್ಚಿತು. ಬೆಟ್ಟ ತೆರೆಯದೆ ಯಾರ ಸೇತುವೆಯೂ ಏಳದು. ತೆರೆಯಬೇಕೆಂದರೆ ಮೊದಲ ಸಾಲಿನ ಒಂದು ಬೀಜವನ್ನು ಯಾರಾದರೂ ಸರಿಸಬೇಕು, ಸರಿಸಿದ ಮರುಕ್ಷಣ ಎದುರಾಳಿ ಆ ಬೆಟ್ಟದ ಬೀಜವನ್ನು ತನಗೆ ಬೇಕಾದ ಹಾಗೆ ಇಳಿಸಿಕೊಳ್ಳುತ್ತಾನೆ. ಬೀಜ ಯಾರದೂ ಅಲ್ಲವಲ್ಲ! ಹೀಗಾಗಿ ಇಬ್ಬರೂ ಮೊದಲ ಸಾಲನ್ನು ಮುಟ್ಟದೆ ಕೆಳಗಿನ ಸಾಲುಗಳಲ್ಲೇ ಸುತ್ತಾಡುತ್ತ, ದಂಡೆಗಳಿಗೆ ಬೀಜ ಕಳಿಸುತ್ತ, ಎದುರಿನವರಿಗೆ ಬೇರೆ ನಡೆಯೇ ಉಳಿಯದಂತೆ ಮಾಡಲು ಹೊಂಚುತ್ತಾರೆ. ಎಷ್ಟು ನಡೆಯವರೆಗೆ ಹಾಗೆ ತಡೆದುಕೊಳ್ಳಬಹುದು, ಮೊದಲು ಸಾಲು ಬಿಚ್ಚಬೇಕಾದವರು ಏರಿಸಿದವರೋ ಮುಚ್ಚಿದವರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹುಡುಗಿ ಒಂದು ಉಪಾಯ ಹೂಡಿದ್ದಾಳೆ: ಏರಿಸುವ ಮೊದಲು ಎಡದಂಡೆಯ ನಡುಮನೆಗೆ ಒಂದು ಬೀಜ ಇಳಿಸಿ, ಆಮೇಲೆ ಬೆಟ್ಟ.